ಕೊಯ್ಲು ಮುಗಿದ ಚಿಪ್ಪಣಬೆ ಚೀಲಗಳ ಹುಲ್ಲನ್ನೆಲ್ಲ ಒಂದೇ ಸಲ ಗುಂಡಿಗೆ ಸುರಿದೆ, ಆಮೇಲೆ ಗೋಬರ್ ಗ್ಯಾಸ್ ಒಲೆ ಹತ್ತುತ್ತಿಲ್ಲ, ಏನು ಮಾಡಲಿ?
ಬಹುಶಃ ಗುಂಡಿಯೊಳಗೆ ಹುಳಿ ಜಾಸ್ತಿಯಾಗಿದೆ. ಹುಲ್ಲನ್ನೆಲ್ಲ ಒಂದೇ ಸಲ ಸುರಿದೆ ಅಂದಿದ್ದೀರಲ್ಲ, ಅದೇ ಕಾರಣ ಇರಬೇಕು. ಅಣಬೆ ಆ ಹುಲ್ಲನ್ನು ಮೊದಲೇ ಮೆತ್ತಗೆ ಮಾಡಿರುತ್ತದೆ. ಆಮ್ಲ ಮಾಡುವ ಬ್ಯಾಕ್ಟೀರಿಯಾ ಅದನ್ನು ಬೇಗ ತಿನ್ನುತ್ತವೆ, ಮೀಥೇನ್ ಮಾಡುವ ಜೀವಿಗಳು ನಿಧಾನ. ಹಾಗಾಗಿ ಉರಿಯುವ ಮೀಥೇನ್ ಕಡಿಮೆಯಾಗಿ, ಗ್ಯಾಸ್ ತುಂಬಿದರೂ ಉರಿಯುವುದಿಲ್ಲ.

ಮೊದಲು ಹುಲ್ಲು ಹಾಕುವುದು ನಿಲ್ಲಿಸಿ. ಗುಂಡಿಯಿಂದ ಹೊರಬರುವ ಸ್ಲರಿಗೆ, ಅಂದರೆ ಸಗಣಿ ರಾಡಿಗೆ, ಹುಳಿ ಅಳೆಯುವ ಪಿಎಚ್ ಕಾಗದ ಅದ್ದಿ ನೋಡಿ; ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. 6.5ಕ್ಕಿಂತ ಕಡಿಮೆಯಿದ್ದರೆ ಸುಣ್ಣದ ತಿಳಿನೀರನ್ನು ಸ್ವಲ್ಪ ಸ್ವಲ್ಪವೇ ಬಿಡಿ, 7ರ ಹತ್ತಿರ ಬಂದರೆ ಸಾಕು. ಆಮೇಲೆ ಊರಲ್ಲಿ ಚೆನ್ನಾಗಿ ಉರಿಯುತ್ತಿರುವ ಗುಂಡಿಯಿಂದ ಕೆಲವು ಬಕೆಟ್ ಸ್ಲರಿ ತಂದು ಸೇರಿಸಿ. ಉರಿ ನೀಲಿಗೆ ತಿರುಗಿದ ಮೇಲೆ ಹುಲ್ಲನ್ನು ಕತ್ತರಿಸಿ, ನೆನೆಸಿ, ಸಗಣಿ ಜೊತೆ ದಿನಾ ಸ್ವಲ್ಪ ಹಾಕಿ.

ಅಣಬೆ ಬೆಳೆಸುವ ಮುಂಚೆ ಹುಲ್ಲಿನ ಶುದ್ಧಿಗೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಫಾರ್ಮಾಲಿನ್ ಬಳಸಿದ್ದರೆ ಅದರಿಂದಲೂ ಹೀಗಾಗಬಹುದು. ಅಂಥ ಚೀಲ ಗುಂಡಿಗೆ ಬೇಡವೇ ಬೇಡ.