ರಾತ್ರಿ ಎರಡಕ್ಕೆ ಎಚ್ಚರ, ಚೀಲದ ತುಂಬ ಬೇರು-ನಾರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆಗೆ ಬಂದವರು ಮಲೆನಾಡಿನ ಕಡೆಯ ಗೃಹಿಣಿ, ವಯಸ್ಸು 54. ಕೂರುವ ಮೊದಲೇ ಬಟ್ಟೆ ಚೀಲ ಬಿಚ್ಚಿ ಮೇಜಿನ ಮೇಲೆ ಒಂದೊಂದೇ ಇಟ್ಟರು. ಅಶ್ವಗಂಧದ ಪುಡಿ, ನಿದ್ದೆಗೆಂದು ಕೊಂಡ ಕ್ಯಾಪ್ಸೂಲ್, ಕಾಗದದಲ್ಲಿ ಸುತ್ತಿದ ಜಟಾಮಾಂಸಿ ಬೇರು, ಅರ್ಧ ತೇಯ್ದ ಜಾಯಿಕಾಯಿ.

"ಇಷ್ಟೆಲ್ಲ ತಗೊಂಡ್ರೂ ನಿದ್ದೆ ಇಲ್ಲ ಮೇಡಂ. ಎರಡು ಗಂಟೆಗೆ ಎಚ್ಚರ ಆಯ್ತು ಅಂದ್ರೆ ಮುಗೀತು, ಎದೆ ಡವಡವ."

ಕ್ಯಾಪ್ಸೂಲ್ ಡಬ್ಬಿ ತಿರುಗಿಸಿ ಓದಿದೆ. ಅದರಲ್ಲೂ ಅಶ್ವಗಂಧವೇ. ಅಂದರೆ ದಿನಕ್ಕೆ ಎರಡು ಪಾಲು. ಬೇರೆ ಮಾತ್ರೆ ಏನಾದರೂ ಇದೆಯಾ ಎಂದೆ. "ಇಲ್ಲ, ಬರೀ ಥೈರಾಯ್ಡ್‌ದು, ಬೆಳಿಗ್ಗೆ ಖಾಲಿ ಹೊಟ್ಟೆಗೆ" ಎಂದರು. ಆ 'ಬರೀ' ನನ್ನ ಕಿವಿಗೆ ಚುಚ್ಚಿತು. ಮೂರು ತಿಂಗಳಲ್ಲಿ ನಾಲ್ಕು ಕೆಜಿ ಇಳಿದಿದ್ದರು, ಚಾಚಿದ ಕೈ ಸಣ್ಣಗೆ ನಡುಗುತ್ತಿತ್ತು.

ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ಮಾತ್ರೆಯೂ ಅದೇ ಹಾರ್ಮೋನು. ಎರಡೂ ಸೇರಿದರೆ ಎದೆಬಡಿತ, ನಡುಕ, ನಿದ್ದೆಗೇಡು. ಜಾಯಿಕಾಯಿಯ ಅಳತೆಯೂ ತಪ್ಪಿತ್ತು. ಹಾಲಿಗೆ ಚಿಟಿಕೆಯಷ್ಟು ಹಾಕಿದರೆ ಸರಿ, ಇವರು ಅರ್ಧ ಕಾಯಿ ತೇಯುತ್ತಿದ್ದರು. ಜಾಸ್ತಿಯಾದರೆ ಬಾಯಿ ಒಣಗುತ್ತದೆ, ತಲೆ ಮಂಕಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ನಾನು ಡಾಕ್ಟರಲ್ಲ. ಹಾಗಾಗಿ ಮೊದಲ ಸಲಹೆ ಚಿಕ್ಕದು: ಇವತ್ತಿನಿಂದ ಇವೆಲ್ಲ ಬೇಡ, ಇದೇ ಚೀಲ ಹಿಡಿದು ಥೈರಾಯ್ಡ್ ಡಾಕ್ಟರ ಹತ್ತಿರ ಹೋಗಿ. ಥೈರಾಯ್ಡ್ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

"ಡಾಕ್ಟರಿಗೆ ಹೇಳಿದ್ರೆ ಬೈತಾರೆ" ಎಂದರು. ಜನ ಮುಚ್ಚಿಡುವುದೇ ಇದಕ್ಕೆ.

ಆದರೆ ಎರಡು ಗಂಟೆಯೇ ಯಾಕೆ? ಅದಕ್ಕೆ ಉತ್ತರ ಚೀಲದಲ್ಲಿರಲಿಲ್ಲ. ನಾಲ್ಕು ವರ್ಷ ಅತ್ತೆ ಹಾಸಿಗೆ ಹಿಡಿದಿದ್ದರಂತೆ. ಬೆನ್ನಿಗೆ ಹುಣ್ಣಾಗಬಾರದೆಂದು ಇವರು ದಿನಾ ರಾತ್ರಿ ಎರಡಕ್ಕೆ ಎದ್ದು ಮಗ್ಗುಲು ಬದಲಿಸಿ, ಪೌಡರ್ ಹಾಕಿ ಮಲಗಿಸುತ್ತಿದ್ದರು. ಅತ್ತೆ ಹೋಗಿ ಎಂಟು ತಿಂಗಳು. "ಇನ್ನಾದ್ರೂ ನೆಮ್ಮದಿಯಾಗಿ ಮಲಗು ಅಂತಾರೆ ಎಲ್ಲರೂ. ನಾನು ಎದ್ದು ಆ ಮಂಚದ ಹತ್ರ ಹೋಗಿ ನಿಂತಿರ್ತೀನಿ." ಜಾಯಿಕಾಯಿ ತೇಯುವ ಕಲ್ಲೂ ಅತ್ತೆಯದೇ. ಇದನ್ನು ಹೇಳುವಾಗ ಮೊದಲ ಸಲ ಅತ್ತರು.

ಸೊಸೆ ಅತ್ತೆಗಾಗಿ ಅಳಬಹುದು ಎಂದು ನಮ್ಮಲ್ಲಿ ಯಾರಿಗೂ ಹೊಳೆಯುವುದೇ ಇಲ್ಲ, ಅಲ್ವಾ?

ಬದುಕು ಸಾಕು ಅನ್ನಿಸುತ್ತದಾ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ. ರಾತ್ರಿಯೂ ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಸಲಹೆ ಹೀಗಿತ್ತು. ಎಚ್ಚರವಾಗಿ ಇಪ್ಪತ್ತು ನಿಮಿಷ ಕಳೆಯಿತು ಅನ್ನಿಸಿದರೆ ಹಾಸಿಗೆಯಲ್ಲಿ ಹೊರಳಾಡಬೇಡಿ, ಗಡಿಯಾರ ನೋಡಬೇಡಿ. ಎದ್ದು ಮಂದ ಬೆಳಕಿನಲ್ಲಿ ಕೂತಿರಿ, ಕಣ್ಣು ಎಳೆದಾಗ ಮಲಗಿ. ಎಷ್ಟೇ ಕೆಟ್ಟ ರಾತ್ರಿಯಾದರೂ ಬೆಳಿಗ್ಗೆ ಐದೂವರೆಗೆ ಏಳಿ. ಊಟದ ನಂತರದ ಒಂದೂವರೆ ಗಂಟೆ ನಿದ್ದೆ ಬಿಡಿ. ಸಂಜೆ ಐದರ ಕಾಫಿಯೂ ಬೇಡ. (ಇದಕ್ಕೆ ಮಾತ್ರ ಮುಖ ಸಣ್ಣದಾಯಿತು.) ಅತ್ತೆಯ ನೆನಪಿಗೆ ಹಗಲಿನಲ್ಲೇ ಜಾಗ ಕೊಡಿ: ದಿನಾ ಹತ್ತು ನಿಮಿಷ ಆ ಮಂಚದ ಮೇಲೆ ಕೂತು, ಹೇಳಬೇಕಾದ್ದನ್ನು ಹೇಳಿ.

"ಹಾಗಾದ್ರೆ ಒಂದೆಲಗದ ತಂಬುಳಿನೂ ಬಿಡ್ಬೇಕಾ?" ಅದ್ಯಾಕೆ ಬಿಡಬೇಕು. ಅದು ಊಟ, ಸುಮ್ನೆ ಮಾಡಿಕೊಂಡು ತಿನ್ನಿ ಎಂದೆ.

ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ತೀರಾ ಕೆಳಗಿತ್ತು (ಥೈರಾಯ್ಡ್ ಹಾರ್ಮೋನು ಹೆಚ್ಚಾದರೆ ಇದು ಇಳಿಯುತ್ತದೆ). ಡಾಕ್ಟರ್ ಬೈಯಲಿಲ್ಲವಂತೆ. ಅಶ್ವಗಂಧ ಬೇಡವೇ ಬೇಡ ಎಂದರು. ಆರು ವಾರದ ನಂತರದ ಪರೀಕ್ಷೆಯಲ್ಲಿ ಮಾಮೂಲಿಗೆ ಬಂದಿತ್ತು. ಎದೆಬಡಿತ, ನಡುಕ ಹೋಗಿವೆ. ಎರಡಕ್ಕೆ ಈಗಲೂ ಎಚ್ಚರವಾಗುತ್ತದೆ, ಆದರೆ ಅರ್ಧ ಗಂಟೆಯಲ್ಲಿ ಮತ್ತೆ ನಿದ್ದೆ.

ಕಳೆದ ಸಲ ಅಶ್ವಗಂಧದ ಡಬ್ಬಿಯನ್ನು ಮತ್ತೆ ತಂದಿದ್ದರು. "ದುಡ್ಡು ಕೊಟ್ಟಿದ್ದು, ಎಸೆಯೋಕೆ ಮನಸ್ಸಿಲ್ಲ. ಪಕ್ಕದ ಮನೆಯವರಿಗೆ ಕೊಡ್ಲಾ? ಅವ್ರಿಗೂ ನಿದ್ದೆ ಇಲ್ವಂತೆ."

"ಅವರು ಯಾವ ಮಾತ್ರೆ ತಗೋತಾರೆ?"

"ಶುಗರ್‌ದು, ಬಿಪಿದು..." ಎನ್ನುತ್ತಲೇ ನಕ್ಕು, ಡಬ್ಬಿಯನ್ನು ತಾವೇ ಚೀಲಕ್ಕೆ ಹಾಕಿಕೊಂಡರು.