ಪ್ರತಿಕ್ರಿಯೆ: ಅಂಕೋರ್‌ನಲ್ಲಿ ಉಳಿದ ಎರಡು ದಿನ
ಕಾಂಬೋಡಿಯಾದ ಅಂಕೋರ್‌ನಲ್ಲಿ ಮೊದಲ ದಿನವೇ ದಣಿದು ಗುಡಿಗಳೆಲ್ಲ ಒಂದೇ ಥರ ಕಂಡವು ಎಂದಿದ್ದೀರಿ. ಸೂರ್ಯೋದಯದ ಜನಜಂಗುಳಿಯೊಡನೆ ಹೊರಟು ಎಲ್ಲರ ಹಾದಿಯಲ್ಲೇ ಸುತ್ತಿದ್ದು ಬಹುಶಃ ಕಾರಣ. ಮೂರು ದಿನದ ಪಾಸ್ 10 ದಿನಗಳವರೆಗೆ ಸಲ್ಲುತ್ತದೆ, ಆದ್ದರಿಂದ ನಾಳೆ ವಿಶ್ರಮಿಸಿ.

ನಾಡಿದ್ದು ಬೆಳಗ್ಗೆ 7.30ಕ್ಕೆ ತೆರೆದೊಡನೆ ತಾ ಪ್ರೋಮ್ ಗುಡಿ ನೋಡಿ, ಬಿಸಿಲೇರುವ ಮುನ್ನ ಕೋಣೆಗೆ ಮರಳಿ. ಅಂಕೋರ್ ವಾಟ್ ಪಶ್ಚಿಮಾಭಿಮುಖ. ಮಧ್ಯಾಹ್ನ ಮೂರರ ಮೇಲೆ ಹೋದರೆ ಬೆಳಕು ಗೋಪುರಗಳ ಮುಖಕ್ಕೇ ಬೀಳುತ್ತದೆ. ಪೂರ್ವ ಮೊಗಸಾಲೆಯ ದಕ್ಷಿಣ ಭಾಗದಲ್ಲಿರುವ ಸಮುದ್ರಮಥನದ ಉಬ್ಬುಶಿಲ್ಪವನ್ನು ಮಾತ್ರ ಅವಸರಿಸದೆ, ವಾಸುಕಿಯ ಹೆಡೆಯಿಂದ ಬಾಲದವರೆಗೆ ನಡೆಯುತ್ತಾ ನೋಡಿ. ಮೇಲಿನ ಅಂತಸ್ತಿಗೆ ಹತ್ತಬೇಕಾದರೆ ಹೆಗಲು, ಮೊಣಕಾಲು ಮುಚ್ಚುವ ಉಡುಪು ಬೇಕು. ಶಾಲು ಹೊದ್ದರೆ ಸಾಲದು.

ಕೊನೆಯ ದಿನವನ್ನು ಬಾಂತೇ ಸ್ರೇಯ್‌ಗೆ ಮೀಸಲಿಡಿ. 10ನೆಯ ಶತಮಾನದ ಆ ಪುಟ್ಟ ಶಿವಾಲಯದ ಕೆಂಪು ಮರಳುಗಲ್ಲಿನ ಕೆತ್ತನೆ ನನ್ನ ಮಟ್ಟಿಗೆ ಅಲ್ಲಿನ ಎಲ್ಲಕ್ಕಿಂತ ಮಿಗಿಲು. ದೂರವಿದೆ, ವಾಹನವನ್ನು ಹಿಂದಿನ ರಾತ್ರಿಯೇ ಗೊತ್ತುಮಾಡಿಕೊಳ್ಳಿ.