ಓದುಗರ ಪ್ರಶ್ನೆ, ಪರಿಣತರ ಉತ್ತರ: ಮರೆಯಲ್ಲಿ ಒಯ್ಯುವ ಚಿಕ್ಕ ಪಿಸ್ತೂಲು

ಆತ್ಮರಕ್ಷಣೆಗೆಂದು ಪರವಾನಗಿ ಪಡೆದು, ಬಟ್ಟೆಯೊಳಗೆ ಕಾಣದಂತೆ ಇಟ್ಟುಕೊಳ್ಳುವ ಪಿಸ್ತೂಲಿನ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಬಾರಿ ಎತ್ತಿಕೊಂಡಿದ್ದೇವೆ. ಯಾವ ಕ್ಯಾಲಿಬರ್‌ಗೆ (ಗುಂಡಿನ ಅಡ್ಡಳತೆಗೆ) ಅನುಮತಿಯಿದೆ, ಮರೆಮಾಡಿ ಒಯ್ಯಬಹುದೇ, ಎಲ್ಲೆಲ್ಲಿ ಒಯ್ಯುವಂತಿಲ್ಲ ಎಂಬುದೆಲ್ಲ ಆಯಾ ದೇಶದ ಕಾನೂನಿಗೆ ಸೇರಿದ್ದು. ಅದನ್ನು ಮೊದಲು ಖಚಿತ ಮಾಡಿಕೊಳ್ಳಿ, ಉಳಿದದ್ದೆಲ್ಲ ಆಮೇಲೆ.

ಪ್ರಶ್ನೆ: ಹೇಗೂ ಮರೆಮಾಡಿಯೇ ಇಟ್ಟುಕೊಳ್ಳಬೇಕು. ಸಿಗುವುದರಲ್ಲೇ ಅತಿ ಚಿಕ್ಕದನ್ನು ಕೊಂಡರೆ ಆಯಿತಲ್ಲವೇ?

ಬೇಡ. ಮೊದಲ ಪಿಸ್ತೂಲು ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲೇ. ಜೇಬಿಗೆ ಇಳಿಯುವ ಪಿಸ್ತೂಲು ಒಯ್ಯಲು ಸುಲಭ, ಹೊಡೆಯಲು ಕಷ್ಟ. ರೂಗರ್ ಎಲ್‌ಸಿಪಿಯಂಥ .380 (9 ಮಿ.ಮೀ.ಗಿಂತ ಬಲ ಕಡಿಮೆಯ ತೋಟಾ) ಪಿಸ್ತೂಲು ಖಾಲಿಯಿದ್ದಾಗ ಸುಮಾರು 270 ಗ್ರಾಂ ತೂಗುತ್ತದೆ. ಹಿಡಿಯಲ್ಲಿ ಎರಡೇ ಬೆರಳಿಗೆ ಜಾಗ, ಕಿರುಬೆರಳು ಗಾಳಿಯಲ್ಲಿ ತೂಗುತ್ತಿರುತ್ತದೆ. ತೂಕ ಕಡಿಮೆಯಾದಷ್ಟೂ ಅದೇ ತೋಟಾ ಕೈಗೆ ಜೋರಾಗಿ ಒದೆಯುತ್ತದೆ. ಗುರಿ ಹಿಡಿಯಲು ನೋಡುವ ಮುಂದಿನ ಗುರಿಕಟ್ಟಿಗೂ ಹಿಂದಿನದಕ್ಕೂ ಅಂತರ ಕಡಿಮೆಯಿರುವುದರಿಂದ ಕೈಯ ಸಣ್ಣ ಅಲುಗಾಟವೂ ಗುರಿಯಲ್ಲಿ ದೊಡ್ಡ ತಪ್ಪಾಗಿ ಕಾಣುತ್ತದೆ. ಹೀಗಾಗಿ ಅಭ್ಯಾಸ ಮಾಡುವುದೇ ಹಿಂಸೆ ಅನ್ನಿಸಿ, ಕ್ರಮೇಣ ಪಿಸ್ತೂಲು ಕಪಾಟಿನಲ್ಲಿ ಉಳಿದುಬಿಡುತ್ತದೆ.

ಇನ್ನೊಂದನ್ನು ಗಮನಿಸಿ. ಅಂಗಿಯ ಮೇಲೆ ಉಬ್ಬಿ ಕಾಣುವುದು ನಳಿಗೆಯಲ್ಲ, ಹಿಡಿ. ನಳಿಗೆ ಪ್ಯಾಂಟಿನೊಳಗೆ ಇಳಿದಿರುತ್ತದೆ. ಹಿಡಿಯ ಬುಡ ಮಾತ್ರ ಹೊರಕ್ಕೆ ಚಾಚುತ್ತದೆ. ಆದ್ದರಿಂದ ನಳಿಗೆ ಒಂದೆರಡು ಸೆಂಟಿಮೀಟರ್ ಉದ್ದವಾಯಿತೆಂದು ಹೆದರಬೇಕಿಲ್ಲ. ಎಷ್ಟೋ ಸಲ ಉದ್ದದ ನಳಿಗೆ ಒಳಗಿನಿಂದ ಆನಿಕೊಂಡು ಹಿಡಿಯನ್ನು ಮೈಗೆ ಒತ್ತಿ ಹಿಡಿಯುತ್ತದೆ. ಅಳೆಯಬೇಕಾದದ್ದು ಹಿಡಿಯ ಉದ್ದ ಮತ್ತು ಪಿಸ್ತೂಲಿನ ದಪ್ಪ.

ಇಂದು ತೀರಾ ಚಿಕ್ಕದು, ದೊಡ್ಡದು ಈ ಎರಡರ ನಡುವಿನ ದಾರಿ ಸುಲಭವಾಗಿದೆ. 2015ರಲ್ಲಿ ಬಂದ ಗ್ಲಾಕ್ 43ರ ತೆಳು ಮ್ಯಾಗಜೀನಿನಲ್ಲಿ (ಹಿಡಿಯೊಳಗೆ ಕೂರುವ ತೋಟಾ ಪೆಟ್ಟಿಗೆ) 6 ತೋಟಾ ಹಿಡಿಯುತ್ತಿದ್ದವು. 2018ರ ಸಿಗ್ ಪಿ365 ಹೆಚ್ಚು ಕಡಿಮೆ ಅದೇ ಗಾತ್ರದಲ್ಲಿ 10 ತುಂಬಿಸಿತು. ಖಾಲಿ ತೂಕ ಸುಮಾರು 500 ಗ್ರಾಂ. ಇನ್ನೂ ದೊಡ್ಡದೆಂದರೆ 15 ತೋಟಾದ ಗ್ಲಾಕ್ 19: ನಳಿಗೆ 102 ಮಿಲಿಮೀಟರ್, ಖಾಲಿ ತೂಕ ಸುಮಾರು 600 ಗ್ರಾಂ. ಸಡಿಲ ಅಂಗಿ ತೊಡುವವರು ಇದನ್ನೂ ದಿನವಿಡೀ ಮರೆಮಾಡಬಲ್ಲರು. ಹೊಸಬರಿಗೆ ನಮ್ಮ ಸಲಹೆ, ನೀವು ಮರೆಮಾಡಬಲ್ಲದ್ದರಲ್ಲಿ ಅತಿ ದೊಡ್ಡದನ್ನು ಆರಿಸಿ, ಅತಿ ಚಿಕ್ಕದನ್ನಲ್ಲ.

ಪ್ರಶ್ನೆ: ಅಂಗಡಿಯಲ್ಲಿ ಕೈಗೆ ಕೊಟ್ಟಾಗ ಏನೇನು ನೋಡಬೇಕು?

ಮೊದಲು ಖಾಲಿಯಿದೆಯೇ ಎಂದು ನೀವೇ ನೋಡಿ. ಮಾರುವವರು ನೋಡಿ ಕೊಟ್ಟಿದ್ದರೂ ಸರಿಯೇ. ಮ್ಯಾಗಜೀನ್ ತೆಗೆದು, ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಹಿಂದಕ್ಕೆಳೆದು ನಿಲ್ಲಿಸಿ, ಛೇಂಬರಿನೊಳಗೆ (ಹಾರಲಿರುವ ತೋಟಾ ಕೂರುವ ಜಾಗ) ಕಣ್ಣು ಹಾಯಿಸಿ, ಕಿರುಬೆರಳು ಇಟ್ಟು ಮುಟ್ಟಿಯೂ ನೋಡಿ.

ಆಮೇಲೆ ಹೆಬ್ಬೆರಳು–ತೋರುಬೆರಳ ನಡುವಿನ ಕವಲು ಹಿಡಿಯ ಬೆನ್ನಿಗೆ, ಎಷ್ಟು ಮೇಲಕ್ಕೆ ಸಾಧ್ಯವೋ ಅಷ್ಟು ಮೇಲೆ, ಒತ್ತಿಕೊಳ್ಳುವಂತೆ ಹಿಡಿಯಿರಿ. ನಳಿಗೆ ನಿಮ್ಮ ಮುಂಗೈ ಮೂಳೆಯ ನೇರಕ್ಕೆ ಬರಬೇಕು. ಅದೇ ಹಿಡಿತದಲ್ಲಿ ತೋರುಬೆರಳ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರ್ ಮೇಲೆ ಕೂರುತ್ತದೆಯೇ? ಬೆರಳ ತುದಿ ಮಾತ್ರ ಮುಟ್ಟುತ್ತಿದ್ದರೆ, ಎಳೆದಾಗ ಪಿಸ್ತೂಲು ಪಕ್ಕಕ್ಕೆ ತಿರುಗುತ್ತದೆ. ಮುಟ್ಟಿಸಲೆಂದೇ ಕೈಯನ್ನು ಹಿಡಿಯ ಸುತ್ತ ಪಕ್ಕಕ್ಕೆ ಹೊರಳಿಸಿ ಹಿಡಿಯಬೇಕಾಗಿ ಬಂದರೆ ಒದೆತವೆಲ್ಲ ಹೆಬ್ಬೆರಳ ಬುಡಕ್ಕೆ ಬೀಳುತ್ತದೆ. ಎರಡೂ ಸಂದರ್ಭದಲ್ಲಿ ಆ ಪಿಸ್ತೂಲು ನಿಮ್ಮ ಅಳತೆಯದಲ್ಲ. ಹಿಡಿಯ ಬೆನ್ನಿನ ಪಟ್ಟಿ ಬದಲಿಸಬಹುದಾದ ಮಾದರಿಗಳಲ್ಲಿ ಚಿಕ್ಕ ಪಟ್ಟಿ ಹಾಕಿಸಿ ಮತ್ತೊಮ್ಮೆ ನೋಡಿ.

ಕೊನೆಯದಾಗಿ ಸ್ಲೈಡ್ ಎಳೆಯುವುದು, ಮ್ಯಾಗಜೀನ್ ಗುಂಡಿ ಒತ್ತುವುದು, ಸ್ಲೈಡ್ ನಿಲ್ಲಿಸುವುದು, ಈ ಮೂರನ್ನೂ ಹತ್ತು ಹತ್ತು ಸಲ ಮಾಡಿ. ಹತ್ತನೆಯದಕ್ಕೆ ಕೈ ಸೋತರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಸಾಧ್ಯವಿದ್ದರೆ ಅಭ್ಯಾಸದ ರೇಂಜಿನಲ್ಲಿ ಅದೇ ಮಾದರಿಯಿಂದ 50 ಗುಂಡು ಹಾರಿಸಿ ನೋಡದೆ ಹಣ ಕೊಡಬೇಡಿ.

ಪ್ರಶ್ನೆ: ಅಮ್ಮನಿಗೆ 61 ವರ್ಷ, ಬೆರಳುಗಳಲ್ಲಿ ಸಂಧಿವಾತ. ರಿವಾಲ್ವರ್ ಸುಲಭ ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಎಳೆಯಲು ಸ್ಲೈಡ್ ಇಲ್ಲ, ಸಿಲಿಂಡರ್ (ತೋಟಾ ಕೂರುವ, ತಿರುಗುವ ಭಾಗ) ತೆರೆದರೆ ತುಂಬಿದೆಯೋ ಖಾಲಿಯೋ ಕಣ್ಣಿಗೇ ಕಾಣುತ್ತದೆ, ಜೇಬು ಅಥವಾ ಚೀಲದೊಳಗಿದ್ದರೂ ನಂಬಬಹುದು. ಇಷ್ಟು ಅದರ ಗುಣ. ಕಷ್ಟವಿರುವುದು ಟ್ರಿಗರಿನಲ್ಲಿ. ಹ್ಯಾಮರ್ (ತೋಟಾ ಸಿಡಿಸಲು ಬಡಿಯುವ ಭಾಗ) ಹೊರಗೆ ಕಾಣದ ಪುಟ್ಟ ಐದು ಗುಂಡಿನ ರಿವಾಲ್ವರಿನ ಟ್ರಿಗರ್‌ಗೆ ಪ್ರತಿ ಸಲ ಸುಮಾರು 4.5ರಿಂದ 5.5 ಕಿಲೋ ಬಲ ಬೇಕು. ಗ್ಲಾಕ್ ಬಗೆಯದಕ್ಕೆ ಸುಮಾರು 2.5 ಕಿಲೋ. ಸಂಧಿವಾತದ ಬೆರಳಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಜೊತೆಗೆ ಅಲ್ಯುಮಿನಿಯಂ ಚೌಕಟ್ಟಿನ 400 ಗ್ರಾಂ ಆಸುಪಾಸಿನ ರಿವಾಲ್ವರ್ .38 ಸ್ಪೆಷಲ್ ತೋಟಾವನ್ನು ಹಾರಿಸುವಾಗ ಅಂಗೈ ಉರಿಯುವಂತೆ ಒದೆಯುತ್ತದೆ. ರಿವಾಲ್ವರೇ ಬೇಕೆಂದರೆ ಪೂರ್ತಿ ಉಕ್ಕಿನದನ್ನು ಆರಿಸಿ, 148 ಗ್ರೇನಿನ (ಗುಂಡಿನ ತೂಕದ ಅಳತೆ) ಮೆದು ವ್ಯಾಡ್‌ಕಟರ್ (ಚಪ್ಪಟೆ ಮೂತಿಯ) ತೋಟಾ ಹಾಕಿ ನೋಡಿ. ಅದರ ಒದೆತ ತುಂಬಾ ಕಡಿಮೆ.

ಪಿಸ್ತೂಲಿನ ಕಡೆಗೆ ಬಂದರೆ, ".380 ಎಂದಮೇಲೆ ಸ್ಲೈಡ್ ಹಗುರ" ಎಂದು ನಂಬಬೇಡಿ. ವಾಲ್ಟರ್ ಪಿಪಿಕೆಯಂಥ ಹಳೆಯ ವಿನ್ಯಾಸಗಳಲ್ಲಿ ನಳಿಗೆಗೂ ಸ್ಲೈಡಿಗೂ ಬೀಗವಿಲ್ಲ. ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿಯೇ ಒತ್ತಡವನ್ನು ತಡೆಯಬೇಕು. ಹಾಗಾಗಿ ಸ್ಪ್ರಿಂಗ್ ಗಟ್ಟಿ, ಒದೆತವೂ ಚುರುಕು. ನಳಿಗೆ ಸ್ಲೈಡಿಗೆ ಸಿಕ್ಕಿಕೊಂಡು ಬಿಡುವ ವಿನ್ಯಾಸದಲ್ಲಿ ಸ್ಪ್ರಿಂಗ್ ಮೆದುವಾಗಿಯೇ ಇರಬಹುದು. 2018ರಲ್ಲಿ ಬಂದ ಸ್ಮಿತ್ ಆಂಡ್ ವೆಸನ್ .380 ಶೀಲ್ಡ್ ಇಝಡ್ ಅನ್ನು ಬಲ ಕಡಿಮೆಯಿರುವ ಕೈಗಳಿಗೆಂದೇ ರೂಪಿಸಿದ್ದಾರೆ. ಅಮ್ಮನ ಕೈಗೆ ಮೊದಲು ಕೊಡಬೇಕಾದದ್ದು ಅದು.

ಸ್ಲೈಡ್ ಎಳೆಯುವ ರೀತಿಯನ್ನೂ ಕಲಿಸಿ. ಬೆರಳ ತುದಿಯಿಂದ ಚಿವುಟಿ ಎಳೆದರೆ ಯಾರಿಗೂ ಬರುವುದಿಲ್ಲ. ಪಿಸ್ತೂಲನ್ನು ಎದೆಯ ಹತ್ತಿರ ತಂದು, ಎಡ ಅಂಗೈಯಿಂದ ಸ್ಲೈಡಿನ ಹಿಂಭಾಗವನ್ನು ಮೇಲಿನಿಂದ ಅಮುಕಿ ಅಲುಗದಂತೆ ಹಿಡಿದು, ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ನೂಕಬೇಕು. ಆಗ ತೋಳು, ಭುಜದ ಬಲ ಸೇರುತ್ತದೆ. ಹೀಗೆ ಮಾಡುವಾಗ ನಳಿಗೆಯ ಬಾಯಿ ತನ್ನಷ್ಟಕ್ಕೆ ಎಡಕ್ಕೆ ತಿರುಗಿ ಪಕ್ಕದಲ್ಲಿ ನಿಂತವರತ್ತ ಹೋಗುತ್ತದೆ. ರೇಂಜುಗಳಲ್ಲಿ ತರಬೇತಿದಾರರು ಗದರುವುದು ಬಹುಪಾಲು ಇದಕ್ಕೇ. ಬಾಯಿ ಸದಾ ಗುರಿಯತ್ತಲೇ ಇರುವಂತೆ ಮೈಯನ್ನೇ ಓರೆಯಾಗಿ ನಿಲ್ಲಿಸಿಕೊಳ್ಳಲಿ.

ಪ್ರಶ್ನೆ: 9 ಮಿ.ಮೀ. ತೋಟಾ ಸಾಕೇ, ಇನ್ನೂ ದೊಡ್ಡ .45 ಬೇಕೇ?

ಸಾಕು. 1986ರ ಮಯಾಮಿ ಗುಂಡಿನ ಕಾಳಗದ ನಂತರ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ, ತೋಟಾಗಳನ್ನು ಜೆಲಾಟಿನ್ ಗಟ್ಟಿಗೆ (ಮೈಮಾಂಸದ ಬದಲಿಗೆ ಬಳಸುವುದು) ಹೊಡೆದು ಪರೀಕ್ಷಿಸುವ ಕ್ರಮ ತಂದಿತು: ಗುಂಡು ಕನಿಷ್ಠ 12 ಇಂಚು, ಹೆಚ್ಚೆಂದರೆ 18 ಇಂಚು ಒಳಹೋಗಬೇಕು, ಅಂದರೆ ಸುಮಾರು 30ರಿಂದ 45 ಸೆಂಟಿಮೀಟರ್. ಇಂದಿನ ಒಳ್ಳೆಯ 9 ಮಿ.ಮೀ. ಹಾಲೋ ಪಾಯಿಂಟ್ (ಮೂತಿ ಟೊಳ್ಳಾಗಿದ್ದು ತಾಗಿದಾಗ ಅರಳುವ) ತೋಟಾಗಳು ಇದನ್ನು ಮುಟ್ಟುತ್ತವೆ, ಒದೆತ ಕಡಿಮೆ, ಮ್ಯಾಗಜೀನಿನಲ್ಲೂ ಹೆಚ್ಚು ಹಿಡಿಯುತ್ತವೆ. .380ಯಲ್ಲಿ ಗುಂಡು ಚೆನ್ನಾಗಿ ಅರಳಿದರೆ ಆಳ ಸಾಲದು, ಆಳ ಹೋದರೆ ಅರಳದು. ಎರಡೂ ಸಿಗುವ ತೋಟಾ ಅಪರೂಪ. ಪೂರ್ತಿ ಲೋಹದ ಕವಚದ ಗುಂಡು ಅಭ್ಯಾಸಕ್ಕೆ ಸರಿ, ಆದರೆ ಗುರಿಯನ್ನು ಹಾದು ಹಿಂದಿರುವವರನ್ನೂ ತಾಗಬಹುದು.

ಪ್ರಶ್ನೆ: ಹೋಲ್ಸ್ಟರ್‌ಗೆ (ಪಿಸ್ತೂಲು ಇಡುವ ಒರೆ) ಅಷ್ಟೊಂದು ದುಡ್ಡು ಯಾಕೆ? ಬಟ್ಟೆಯದ್ದು ಸಾಲದೇ?

ಸಾಲದು. ಮೆತ್ತನೆಯ ಬಟ್ಟೆಯ ಚೀಲದಲ್ಲಿ ಎರಡು ಅಪಾಯಗಳಿವೆ. ಹೊರಗಿನಿಂದ ಏನಾದರೂ ಒತ್ತಿದರೆ ಟ್ರಿಗರ್ ಒಳಕ್ಕೆ ಹೋಗಬಹುದು. ಪಿಸ್ತೂಲು ತೆಗೆದೊಡನೆ ಚೀಲದ ಬಾಯಿ ಮುಚ್ಚಿಕೊಳ್ಳುತ್ತದೆ. ಮತ್ತೆ ಇಡುವಾಗ ಮಡಚಿದ ಅಂಚು ಟ್ರಿಗರಿಗೆ ಸಿಕ್ಕಿಕೊಳ್ಳುತ್ತದೆ. ಪಿಸ್ತೂಲನ್ನು ಮರಳಿ ಒಳಗಿಡುವಾಗ ಹೀಗೆ ತಿಳಿಯದೆ ಗುಂಡು ಹಾರಬಹುದು.

ನಿಮ್ಮ ಮಾದರಿಗೇ ಅಚ್ಚು ಹೊಯ್ದ ಕೈಡೆಕ್ಸ್ (ಗಟ್ಟಿ ಪ್ಲಾಸ್ಟಿಕ್) ಅಥವಾ ಗಟ್ಟಿ ಚರ್ಮದ್ದು ಬೇಕು. ಟ್ರಿಗರ್ ಭಾಗ ಪೂರ್ತಿ ಮುಚ್ಚಿರಬೇಕು. ಖಾಲಿ ಪಿಸ್ತೂಲು ಹಾಕಿ ಹಾಸಿಗೆಯ ಮೇಲೆ ತಲೆಕೆಳಗಾಗಿ ಹಿಡಿದು ಅಲ್ಲಾಡಿಸಿ, ಬೀಳಬಾರದು. ಬೆಲ್ಟ್ ಸುಮಾರು 38 ಮಿಲಿಮೀಟರ್ ಅಗಲದ, ಬಿಗುವಾದದ್ದಿರಲಿ. ಸಾಮಾನ್ಯ ಬೆಲ್ಟಿನಲ್ಲಿ ಪಿಸ್ತೂಲಿನ ಹಿಡಿ ಹೊರಕ್ಕೆ ವಾಲುತ್ತದೆ, ಜನ ಪಿಸ್ತೂಲನ್ನು ದೂರುತ್ತಾರೆ. ಮರಳಿ ಇಡುವಾಗ ಆತುರ ಬೇಡವೇ ಬೇಡ: ಅಂಗಿಯನ್ನು ಎತ್ತಿ ಹಿಡಿದು, ಜಾಕೆಟ್ಟಿನ ದಾರ, ಗುಂಡಿ ಸಿಕ್ಕಿಲ್ಲವೆಂದು ಕಣ್ಣಾರೆ ನೋಡಿ, ಬೆರಳು ಟ್ರಿಗರಿನಿಂದ ಹೊರಗಿಟ್ಟು ಇಳಿಸಿ. ಹೊಟ್ಟೆಯ ಮುಂಭಾಗದಲ್ಲಿ ಸಿಕ್ಕಿಸಿಕೊಳ್ಳುವವರು ನಳಿಗೆ ತೊಡೆಯ ದೊಡ್ಡ ರಕ್ತನಾಳದತ್ತ ಇರುತ್ತದೆಂಬುದನ್ನು ನೆನಪಿಡಿ. ಕಲಿಯುವವರಿಗೆ ಸೊಂಟದ ಬದಿಯೇ ಒಳ್ಳೆಯದು.

ಜೇಬಿನಲ್ಲಾದರೆ ಜೇಬಿನ ಹೋಲ್ಸ್ಟರ್ ಬೇಕು, ಅದೇ ಜೇಬಿನಲ್ಲಿ ಬೀಗದಕೈ, ಚಿಲ್ಲರೆ ಯಾವುದೂ ಇರಬಾರದು. ಕೈಚೀಲದಲ್ಲಿ ಒಯ್ಯುವುದನ್ನು ನಾವು ಸಲಹೆ ಮಾಡುವುದಿಲ್ಲ. ಚೀಲ ಕಿತ್ತುಕೊಂಡರೆ ಪಿಸ್ತೂಲೂ ಹೋಯಿತು, ಎಲ್ಲೋ ಇಟ್ಟು ಮರೆತರೆ ಮಗುವಿನ ಕೈಗೂ ಸಿಗಬಹುದು.

ಪ್ರಶ್ನೆ: ಹೊಸ ಪಿಸ್ತೂಲು ಮೂರು ನಾಲ್ಕು ಗುಂಡಿಗೊಮ್ಮೆ ಸಿಕ್ಕಿಕೊಳ್ಳುತ್ತಿದೆ. ಮರಳಿ ಕೊಡಲೇ?

ಮೊದಲು ಬೇರೆ ಅನುಭವಿಯ ಕೈಗೆ ಕೊಟ್ಟು ನೋಡಿ. ಅವರ ಕೈಯಲ್ಲಿ ಸರಿಯಾಗಿ ಓಡಿದರೆ ಕಾರಣ ನಿಮ್ಮ ಮಣಿಕಟ್ಟು. ಸ್ಲೈಡ್ ಪೂರ್ತಿ ಹಿಂದೆ ಹೋಗಬೇಕಾದರೆ ಕೆಳಗಿನ ಚೌಕಟ್ಟು ಗಟ್ಟಿಯಾಗಿ ನಿಂತಿರಬೇಕು. ಮಣಿಕಟ್ಟು ಸಡಿಲವಿದ್ದರೆ ಚೌಕಟ್ಟೂ ಹಿಂದಕ್ಕೆ ಹೋಗಿ, ಹಾರಿದ ತೋಟಾದ ಖಾಲಿ ಕವಚ ಹೊರಬೀಳದೆ ಸ್ಲೈಡಿನ ಬಾಯಲ್ಲಿ ನಿಂತುಬಿಡುತ್ತದೆ. ಹಗುರ ಪಿಸ್ತೂಲುಗಳಲ್ಲಿ ಇದು ಇನ್ನೂ ಹೆಚ್ಚು.

ಇಬ್ಬರ ಕೈಯಲ್ಲೂ ಸಿಕ್ಕಿಕೊಂಡರೆ ಮ್ಯಾಗಜೀನುಗಳಿಗೆ ಗುರುತು ಹಾಕಿ. ಒಂದರಲ್ಲೇ ತೊಂದರೆ ಬಂದರೆ ಆ ಮ್ಯಾಗಜೀನನ್ನು ತೆಗೆದಿಡಿ. ಕಾರ್ಖಾನೆಯ ಗ್ರೀಸ್ ಒರೆಸಿ, ಸ್ಲೈಡ್ ಜಾರುವ ಗೆರೆಗಳಿಗೆ ಒಂದೊಂದು ಹನಿ ಎಣ್ಣೆ ಹಾಕಿ. ತೋಟಾ ಬದಲಿಸಿ. ಅಭ್ಯಾಸದ ತೋಟಾ 200, ರಕ್ಷಣೆಗೆಂದು ತುಂಬುವ ತೋಟಾ ಕನಿಷ್ಠ 50, ಒಂದೂ ಸಿಕ್ಕಿಕೊಳ್ಳದೆ ಹಾರುವವರೆಗೆ ಅದನ್ನು ನಂಬಿ ಹೊರಗೆ ಹೋಗಬೇಡಿ. ಆಗಲೂ ಸರಿಹೋಗದಿದ್ದರೆ ಮರಳಿ ಕೊಡಿ.

ಅಭ್ಯಾಸದಲ್ಲಿ ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ನಳಿಗೆಯನ್ನು ಗುರಿಯತ್ತಲೇ 30 ಸೆಕೆಂಡ್ ಹಿಡಿದಿದ್ದು ಆಮೇಲೆ ಖಾಲಿ ಮಾಡಿ. "ಟಪ್" ಎಂದು ಮಂಕಾದ ಸದ್ದು ಬಂದರೆ ಮುಂದಿನ ಗುಂಡು ಹಾರಿಸಲೇಬೇಡಿ. ಹಿಂದಿನದು ನಳಿಗೆಯಲ್ಲೇ ಸಿಕ್ಕಿರಬಹುದು, ಮುಂದಿನದು ನಳಿಗೆಯನ್ನು ಸೀಳುತ್ತದೆ.

ಪ್ರಶ್ನೆ: ರಾತ್ರಿ ಖಾಲಿ ಮಾಡಿ, ಬೆಳಿಗ್ಗೆ ಮತ್ತೆ ತುಂಬುತ್ತೇನೆ. ಮನೆಯಲ್ಲಿ ಮಕ್ಕಳಿದ್ದಾರೆ. ಈ ಕ್ರಮ ಸರಿಯೇ?

ದಿನಾ ಎರಡು ಸಲ ಮುಟ್ಟುವುದರ ಬದಲು, ಹೋಲ್ಸ್ಟರ್ ಸಮೇತ ತೆಗೆದು, ಗೋಡೆಗೋ ನೆಲಕ್ಕೋ ಬಿಗಿದ ಬೀಗದ ಉಕ್ಕಿನ ಪೆಟ್ಟಿಗೆಯಲ್ಲಿ ಇಡುವುದು ಹೆಚ್ಚು ಸುರಕ್ಷಿತ. ನಿಮ್ಮಲ್ಲಿ ಖಾಲಿ ಮಾಡಿಯೇ ಇಡಬೇಕೆಂಬ ಕಾನೂನಿದ್ದರೆ ಹಾಗೇ ಮಾಡಿ. ಕಪಾಟಿನ ಮೇಲೆ, ದಿಂಬಿನಡಿ, ಬಟ್ಟೆಗಳ ನಡುವೆ ಬಚ್ಚಿಡುವುದು ಭದ್ರತೆಯಲ್ಲ. ಮಕ್ಕಳು ಹುಡುಕುತ್ತಾರೆ.

ಖಾಲಿ ಮಾಡುವಾಗ ಕ್ರಮ ತಪ್ಪಬಾರದು: ಮೊದಲು ಮ್ಯಾಗಜೀನ್ ಹೊರಕ್ಕೆ, ಆಮೇಲೆ ಸ್ಲೈಡ್. ಮೊದಲು ಸ್ಲೈಡ್ ಎಳೆದರೆ ಒಂದು ತೋಟಾ ಹೊರಬಿದ್ದು ಮ್ಯಾಗಜೀನಿನಿಂದ ಇನ್ನೊಂದು ಛೇಂಬರಿಗೆ ಏರುತ್ತದೆ; ಆಮೇಲೆ ಮ್ಯಾಗಜೀನ್ ತೆಗೆದವರು ಖಾಲಿಯೆಂದೇ ತಿಳಿಯುತ್ತಾರೆ. ಹೊರಬಿದ್ದ ಅದೇ ತೋಟಾವನ್ನು ದಿನಾ ಛೇಂಬರಿಗೆ ಏರಿಸುತ್ತಿದ್ದರೆ ಅದರ ಮೂತಿ ಬಡಿದು ಬಡಿದು ಗುಂಡು ಕವಚದೊಳಕ್ಕೆ ಕುಸಿಯುತ್ತದೆ. ಮದ್ದಿರುವ ಒಳಜಾಗ ಕುಗ್ಗಿದಂತೆ ಹಾರುವಾಗಿನ ಒತ್ತಡ ಅಪಾಯಕರವಾಗಿ ಏರುತ್ತದೆ. ಹೊಸ ತೋಟಾದ ಪಕ್ಕ ನಿಲ್ಲಿಸಿ ನೋಡಿ; ಎತ್ತರ ಕಣ್ಣಿಗೆ ಕಾಣುವಷ್ಟು ಕಡಿಮೆಯಿದ್ದರೆ ಅದನ್ನು ಬಳಸದೆ ಬೇರೆಯಾಗಿಡಿ.